ಚೌಬಾರದಿಂದ ಕೋಟೆಯವರೆಗೆ ನಡೆಯಲು ಬಿಡಿ: ಬೀದರ್‌ನ ಆಡಳಿತಕ್ಕೊಂದು ಬಹಿರಂಗ ಪತ್ರ

ಬೀದರ್ ಜಿಲ್ಲೆಯ ಮತ್ತು ನಗರದ ಆಡಳಿತ ನೋಡಿಕೊಳ್ಳುವ ಎಲ್ಲ ಹಿರಿಯರಿಗೆ, ಪ್ರವಾಸಿಗರಿಗಾಗಿ ಕೆಲಸ ಮಾಡುವವರಿಗೆ, ಹಳೇ ಊರಿನ ನನ್ನ ಅಕ್ಕಪಕ್ಕದವರಿಗೆ ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಟೀಚರ್. ಮನೆ ಹಳೇ ಊರಿನಲ್ಲೇ, ನಮ್ಮ ಹಳೆಯ ಕಾವಲು ಗೋಪುರ ಚೌಬಾರಕ್ಕೆ ನಾಲ್ಕು ಹೆಜ್ಜೆ. ನಿಮ್ಮ ಹತ್ತಿರ ಒಂದು ಮಾತು ಕೇಳಿಕೊಳ್ಳಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಕಳೆದ ಡಿಸೆಂಬರ್‌ನಲ್ಲಿ ಧಾರವಾಡದಿಂದ ನೆಂಟರು ಬಂದು ಹೋದರು. ಅವರನ್ನು ಕಳಿಸಿದ ಮೇಲೆ ಇನ್ನು ತಡ ಮಾಡಬಾರದು ಅನ್ನಿಸಿತು.

ಬಂದಿದ್ದವಳು ನನ್ನ ಚಿಕ್ಕಮ್ಮನ ಮಗಳು. ಜೊತೆಗೆ ಅವಳ ಗಂಡ, ಅತ್ತೆ, ಒಂಬತ್ತು ವರ್ಷದ ಮಗಳು. ಬೆಳಿಗ್ಗೆಯೇ ಕಾರಿನಲ್ಲಿ ನೇರ ಕೋಟೆಗೆ ಹೋಗಿದ್ದರು. ಹನ್ನೊಂದು ಗಂಟೆಗೆ ಫೋನ್ ಬಂತು. "ಅಕ್ಕಾ, ಕೋಟೆ ಆತು. ಇನ್ನೇನದ ಇಲ್ಲಿ ನೋಡೂದು? ನಿಮ್ಮನಿಗೆ ಬಂದು ಊಟ ಮಾಡಿ ಬಸವಕಲ್ಯಾಣಕ್ಕ ಹೊಂಟೇವಿ."

ನನಗೆ ಒಂದು ಕ್ಷಣ ಮಾತೇ ಬರಲಿಲ್ಲ. ಅವರು ಕೋಟೆಗೆ ಹೋಗುವಾಗ ಚೌಬಾರ ದಾಟಿದ್ದಾರೆ. ಬಹಮನಿ ಸುಲ್ತಾನರ ಕಾಲದ ಕಾಲೇಜು ಮಹಮೂದ್ ಗವಾನ್ ಮದರಸಾದ ಮುಂದೆಯೇ ಹೋಗಿದ್ದಾರೆ. ಕಪ್ಪು ಪಾತ್ರೆಗೆ ಬೆಳ್ಳಿಯ ಚಿತ್ತಾರ ಕೂರಿಸುವ ಬಿದ್ರಿ ಕೆಲಸದ ಉಳಿಯ ಸದ್ದು ಕೇಳುವ ಓಣಿಯ ಬಾಯಿಯಲ್ಲೇ ಹಾದಿದ್ದಾರೆ. ಇಷ್ಟೆಲ್ಲ ಕಾರಿನ ಕಿಟಕಿಯ ಹೊರಗೆ ಸರಿದು ಹೋಗಿದೆ, ಅವರಿಗೆ ಗೊತ್ತೇ ಆಗಿಲ್ಲ. ಇಲ್ಲಿ ಇಳಿಯಿರಿ, ಇಲ್ಲಿ ನಿಲ್ಲಿ ಅಂತ ಹೇಳುವ ಒಂದು ಬೋರ್ಡೂ ಅವರ ಕಣ್ಣಿಗೆ ಬಿದ್ದಿಲ್ಲ. ತಪ್ಪು ಅವರದಲ್ಲ. ಹೈದರಾಬಾದಿನಿಂದ, ಕಲಬುರಗಿಯಿಂದ ಬರುವವರಲ್ಲಿ ಎಷ್ಟೋ ಮಂದಿ ಹೀಗೇ ಬಂದು ಹೀಗೇ ಹೋಗುತ್ತಾರೆ. ಕೋಟೆಯಲ್ಲಿ ಫೋಟೋ, ಗುರುನಾನಕ ಝೀರಾ ಗುರುದ್ವಾರದಲ್ಲಿ ದರ್ಶನ, ಮುಗಿಯಿತು ಬೀದರ್.

"ಊಟ ಆಮೇಲೆ. ಕಾರು ಅಲ್ಲೇ ಬಿಟ್ಟು ಆಟೋದಾಗ ಚೌಬಾರಕ್ಕ ಬರ್ರಿ, ನಾ ಬಂದೆ" ಅಂದೆ.

ಚೌಬಾರದ ಕೆಳಗೆ ನಿಂತು ನೋಡಿದರೆ ಬೀದರ್ ಅರ್ಥವಾಗುತ್ತದೆ. ದುಂಡನೆಯ ಗೋಪುರ, 71 ಅಡಿ ಎತ್ತರ. ಒಳಗೆ ಸುತ್ತಿ ಸುತ್ತಿ ಹತ್ತುವ 80 ಮೆಟ್ಟಿಲು. ಮೇಲೆ ನಿಂತ ಕಾವಲಿನವನಿಗೆ ಊರಿಗೆ ಬರುವ ನಾಲ್ಕೂ ದಾರಿ ಕಾಣಬೇಕು, ಅದಕ್ಕೇ ನಾಲ್ಕು ರಸ್ತೆ ಸೇರುವಲ್ಲಿ ಕಟ್ಟಿದ್ದಾರೆ. ಊರಿನ ಕೋಟೆಗೋಡೆಗೆ ಐದು ಬಾಗಿಲು: ಶಹಾಗಂಜ್, ಫತೇ, ಮಂಗಲಪೇಟ, ದುಲ್ಹನ್, ತಾಲಘಾಟ್. ಒಳಗಿನ ಓಣಿಗಳಿಗೆ ಸಿದ್ದಿಕ್ ಶಾ ತಾಲೀಮ್, ನೂರ್ ಖಾನ್ ತಾಲೀಮ್, ಮನಿಯಾರ್ ತಾಲೀಮ್ ಅಂತೆಲ್ಲ ಹೆಸರು. ತಾಲೀಮ್ ಅಂದರೆ ನಮ್ಮ ಗರಡಿಮನೆ. ಹುಡುಗರು ಸಾಮು ಮಾಡುತ್ತಿದ್ದ ಜಾಗದ ಹೆಸರೇ ಓಣಿಗೆ ಉಳಿದಿದೆ. ಇದನ್ನು ನಾನು ಹೇಳುವಾಗ ನಮ್ಮ ನೆಂಟರ ಹುಡುಗಿ ಕತ್ತೆತ್ತಿ ಗೋಪುರ ನೋಡುತ್ತಾ ಒಂದು ಹೆಜ್ಜೆ ಹಿಂದೆ ಸರಿದಳು. ಅಷ್ಟೇ, ಒಂದು ಬೈಕು ಅವಳ ಮೊಣಕೈಗೆ ತಾಗಿಕೊಂಡೇ ಹೋಯಿತು. ಕೈ ಹಿಡಿದು ಎಳೆದುಕೊಂಡೆ. ಏನೂ ಆಗಲಿಲ್ಲ, ಪುಣ್ಯ. ಆದರೆ ಆಮೇಲೆ ದಾರಿಯುದ್ದಕ್ಕೂ ಅವಳ ಅಜ್ಜಿ ಗೋಡೆ ನೋಡಲಿಲ್ಲ, ಮೊಮ್ಮಗಳನ್ನೇ ನೋಡಿದರು.

ಅಲ್ಲಿಂದ ಬಿದ್ರಿ ಓಣಿಗೆ ಕರೆದುಕೊಂಡು ಹೋದೆ. ಪರಿಚಯದ ಕಾರ್ಖಾನಾ ಒಂದಿದೆ. ಕಾರ್ಖಾನಾ ಅಂದರೆ ದೊಡ್ಡದೇನಲ್ಲ, ಒಂದೇ ಕೋಣೆ, ನಾಲ್ಕು ಜನ ಕೂತರೆ ತುಂಬುತ್ತದೆ. ಚಾಚಾ ತಲೆ ಎತ್ತಿ "ಕೂಡ್ರಿ ಟೀಚರ್, ನೆಂಟರು ಬಂದಾರೇನು?" ಅಂದರು. ಕೈಯಲ್ಲಿ ಬೂದು ಬಣ್ಣದ ಒಂದು ಹೂದಾನಿ. ಹುಡುಗಿ ಮುಂದೆ ಹೋಗಿ ಕೂತಳು.

ಬಿದ್ರಿಯನ್ನು ಬೆಳ್ಳಿ ಪಾತ್ರೆ ಅಂದುಕೊಂಡವರು ತುಂಬ ಜನ. ಅದರ ಮೈ ಸತುವಿನದು. 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಕರಗಿಸಿ, ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ಆಮೇಲೆ ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಮೈಲುತುತ್ತದ ನೀರು ಸವರಿದರೆ ಮೇಲ್ಮೈ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಬರೀ ಕೈಯಲ್ಲಿ ಬಳ್ಳಿ, ಹೂವು ಗೀಚುತ್ತಾರೆ. ಗೆರೆ ಹಿಡಿದು ಸಣ್ಣ ಉಳಿಯಿಂದ ಕೆತ್ತಿ, ಆ ಗೀರಿಗೆ ಬೆಳ್ಳಿಯ ತಂತಿ ಕೂರಿಸಿ ಸುತ್ತಿಗೆಯಿಂದ ತಟ್ಟುತ್ತಾರೆ. ಕೂದಲಿನಷ್ಟು ಸಣ್ಣ ತಂತಿ. ತಟ್ಟು ಜೋರಾದರೆ ತಂತಿ ಚಪ್ಪಟೆ, ಮೆಲ್ಲಗಾದರೆ ಗೀರಿನೊಳಗೆ ಕೂರುವುದಿಲ್ಲ. ಎಲ್ಲ ಮುಗಿದ ಮೇಲೂ ಪಾತ್ರೆ ಬೂದುಬೂದಾಗಿಯೇ ಇರುತ್ತದೆ, ಬೆಳ್ಳಿ ಎಲ್ಲಿ, ಸತು ಎಲ್ಲಿ ಅಂತ ಬೇರೆ ಮಾಡುವುದು ಕಷ್ಟ.

ನಾವು ಹೋದ ಹೊತ್ತಿಗೆ ಸರಿಯಾಗಿ ಕೊನೆಯ ಕೆಲಸ ನಡೆದಿತ್ತು. ಹೂದಾನಿಯನ್ನು ಬಿಸಿ ಮಾಡಿದರು. ಕೋಟೆಯ ಮಣ್ಣು, ನವಸಾಗರ, ನೀರು ಕಲಸಿದ ಲೇಪವನ್ನು ಹಚ್ಚಿ ಉಜ್ಜತೊಡಗಿದರು. ಕೋಟೆಯೊಳಗೆ ನೂರಾರು ವರ್ಷ ಬಿಸಿಲು, ಮಳೆ ತಾಗದ ಜಾಗದ ಮಣ್ಣೇ ಆಗಬೇಕು. ಒಳ್ಳೆಯ ಮಣ್ಣು ಯಾವುದು ಅಂತ ನಾಲಿಗೆಗೆ ಹಚ್ಚಿ ರುಚಿ ನೋಡಿ ಹೇಳುತ್ತಾರೆ. ಲೇಪ ತೊಳೆದು ಬಟ್ಟೆಯಿಂದ ಒರೆಸಿದಾಗ ಬೂದು ಬಣ್ಣ ಹೋಗಿ ಕಾಡಿಗೆಯಂಥ ಕಪ್ಪು ಬಂದಿತ್ತು. ಬೆಳ್ಳಿಗೆ ಮಾತ್ರ ಏನೂ ಆಗಿರಲಿಲ್ಲ. ಕಪ್ಪಿನ ಮೇಲೆ ಬಳ್ಳಿ, ಎಲೆ, ಮೊಗ್ಗು ಒಂದೊಂದಾಗಿ ಬೆಳ್ಳಗೆ ಎದ್ದು ಬಂದವು. ಹುಡುಗಿ ಎದ್ದು ನಿಂತು "ಅಮ್ಮಾ, ನೋಡಿಲ್ಲಿ!" ಅಂತ ಕೂಗಿದಳು. ಹೊತ್ತಾಯಿತು, ಹಸಿವಾಯಿತು ಅನ್ನುತ್ತಿದ್ದ ಅವಳ ಅಪ್ಪ ಮೊಬೈಲು ಜೇಬಿಗೆ ಹಾಕಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

ಇಷ್ಟು ನೋಡಲು ಟಿಕೆಟ್ ಬೇಡ, ಯಂತ್ರ ಬೇಡ, ಲೈಟು ಬೇಡ. ಚೌಬಾರದಲ್ಲಿ ಇಳಿದ ಮನುಷ್ಯ ನೆಮ್ಮದಿಯಿಂದ ಈ ಓಣಿಗೆ ಬರುವಂತಾಗಬೇಕು, ಅಷ್ಟೇ.

ಬಿದ್ರಿಗೆ 2006ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಕೆಲಸ ಅನ್ನುವ ಸರ್ಕಾರಿ ಗುರುತು ಸಿಕ್ಕಿತು. ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆ ದಿನ ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಸಿಹಿ ಹಂಚಿದೆವು. ಆದರೆ ಪ್ರಶಸ್ತಿಯ ಸುದ್ದಿ ಓದಿದ ಜನ ಬೀದರ್‌ಗೆ ಬಂದರೆ ಎಲ್ಲಿಗೆ ಹೋಗಬೇಕು? ಯಾರನ್ನು ಕೇಳಬೇಕು? ಬೆಳ್ಳಿಯ ಬೆಲೆ ಏರಿದ ಮೇಲೆ ಕಾರಿಗರರಿಗೆ ಮಾಲು ಹಾಕುವುದೇ ಕಷ್ಟವಾಗಿದೆ. ನಡುವಿನವರ ಕೈಗೆ ಹೋಗಿ, ದೊಡ್ಡ ಊರಿನ ಷೋಕೇಸಿಗೆ ತಲುಪುವ ಹೊತ್ತಿಗೆ ಬೆಲೆ ಬೇರೆಯೇ ಆಗಿರುತ್ತದೆ, ಕೆಲಸ ಮಾಡಿದವರಿಗೆ ಬರುವುದು ಕಡಿಮೆ. ಆ ದಿನ ನನ್ನ ತಂಗಿ ಆ ಕೋಣೆಯಲ್ಲೇ ಒಂದು ಜೊತೆ ಓಲೆ, ಒಂದು ಕುಂಕುಮದ ಭರಣಿ ತಗೊಂಡಳು. ಚೌಕಾಶಿ ಮಾಡಲಿಲ್ಲ. ಕೈ ಕೆಲಸ ಕಣ್ಣಾರೆ ನೋಡಿದ್ದಳಲ್ಲ.

ಅತ್ತೆಯವರಿಗೆ ಶೌಚಾಲಯಕ್ಕೆ ಹೋಗಬೇಕಿತ್ತು. ಸಕ್ಕರೆ ಕಾಯಿಲೆ, ತಡೆಯಲು ಆಗುವುದಿಲ್ಲ. ಪಾಪ, ಹೇಳಲೂ ಸಂಕೋಚ. ನಾನು ಸುತ್ತ ನೋಡಿದೆ, ಹತ್ತಿರದಲ್ಲಿ ಹೆಂಗಸರು ಹೋಗುವಂಥದ್ದು ಕಾಣಲಿಲ್ಲ. ಕಾರ್ಖಾನಾದ ಎದುರು ಮನೆಯ ಭಾಭಿಗೆ ಹೇಗೋ ಗೊತ್ತಾಯಿತು. ಬಾಗಿಲು ತೆಗೆದು "ಬರ್ರಿ ಅಮ್ಮಾ, ನಮ್ಮನಿ ಅದ" ಅಂತ ಕೈ ಹಿಡಿದು ಒಳಗೆ ಕರೆದೊಯ್ದರು. ವಾಪಸು ಬರುವಾಗ ಅತ್ತೆಯವರ ಕೈಯಲ್ಲಿ ಚಹಾದ ಕಪ್ಪು. ಧಾರವಾಡಕ್ಕೆ ಹೋದ ಮೇಲೂ ಅವರು ಫೋನಿನಲ್ಲಿ ಮೊದಲು ಕೇಳುವುದು ಆ ಭಾಭಿಯನ್ನೇ. ನಮ್ಮ ಓಣಿಯ ಜನ ಹೀಗಿದ್ದಾರೆ, ನನಗೆ ಅದು ಹೆಮ್ಮೆ. ಆದರೂ ಊರು ನೋಡಲು ಬಂದ ಹಿರಿಯ ಹೆಂಗಸಿಗೆ ಪರರ ಮನೆ ಬಾಗಿಲೇ ಗತಿ ಆಗಬಾರದು.

ಊಟಕ್ಕೆ ಮೊದಲು ಮದರಸಾ ನೋಡಿಯೇ ಬಿಡೋಣ ಅಂತ ಎಲ್ಲರೂ ಒಪ್ಪಿದರು. ಚೌಬಾರದಿಂದ ಕೋಟೆಯ ಕಡೆಗೆ ಹೋಗುವ ರಸ್ತೆಯಲ್ಲೇ ತಖ್ತ್-ಎ-ಕಿರ್ಮಾನಿ ಅನ್ನುವ ಬಹಮನಿ ಕಾಲದ ಕಟ್ಟಡದ ಬಾಗಿಲಿದೆ, ಅದನ್ನೂ ತೋರಿಸಿ ಮುಂದೆ ಹೋದೆವು. ಮದರಸಾ ಕಟ್ಟಿದ್ದು 1472ರಲ್ಲಿ. ಇರಾನಿನ ಗಿಲಾನ್‌ನಿಂದ ವ್ಯಾಪಾರಕ್ಕೆ ಬಂದ ಮಹಮೂದ್ ಗವಾನ್ ಬಹಮನಿ ರಾಜ್ಯದ ಮಂತ್ರಿಯಾಗಿ ಬೆಳೆದು ಈ ಕಾಲೇಜು ಕಟ್ಟಿಸಿದ. ಮೂರು ಅಂತಸ್ತು, ವಿದ್ಯಾರ್ಥಿಗಳಿಗೆ 36 ಕೋಣೆ, ಸಾವಿರಾರು ಪುಸ್ತಕಗಳ ಭಂಡಾರ. ಅವನ ಮುದ್ರೆ ಒತ್ತಿದ ಸುಳ್ಳು ಪತ್ರವೊಂದನ್ನು ತೋರಿಸಿ ಸುಲ್ತಾನನ ಮನಸ್ಸು ಕೆಡಿಸಿದರು. 1481ರಲ್ಲಿ ಅವನ ತಲೆ ಹೋಯಿತು. ಈ ಕಥೆ ಹೇಳಿದರೆ ನನ್ನ ಕ್ಲಾಸಿನಲ್ಲಿ ಮಕ್ಕಳು ಸುಮ್ಮನಾಗಿಬಿಡುತ್ತಾರೆ. ಮದರಸಾದ ನೆರಳಿನಲ್ಲಿ ನಿಂತು ಹೇಳಿದರೆ ಇನ್ನೂ ಜಾಸ್ತಿ.

ಮುಂದೆ ಎರಡು ಮಿನಾರು ಇದ್ದವು, ಈಗ ಇರುವುದು ಒಂದು. ಮೊಗಲರ ಕಾಲದಲ್ಲಿ ಒಳಗೆ ಮದ್ದು ತುಂಬಿಟ್ಟಿದ್ದರು. ಅದು ಸಿಡಿದು ಒಂದು ಮಿನಾರು, ಮುಂಭಾಗದ ದೊಡ್ಡ ಪಾಲು ಉರುಳಿತು. ಉಳಿದ ಮಿನಾರಿಗೆ ಕಣ್ಣು ಹತ್ತಿರ ತಂದು ನೋಡಬೇಕು. ನೀಲಿ, ಹಸಿರು, ಹಳದಿ, ಬಿಳಿ ಹೆಂಚಿನ ಚೂರುಗಳು ಹಾವಿನ ನಡೆಯ ಹಾಗೆ ಅಂಕುಡೊಂಕಾಗಿ ಸುತ್ತು ಹಾಕಿವೆ. ಕೆಲವು ಕಡೆ ಬಣ್ಣ ಉದುರಿ ಬರಿಯ ಗಾರೆ. ಉದುರದ ಕಡೆ ಐನೂರು ವರ್ಷದ ನೀಲಿ ಇವತ್ತಿಗೂ ಹೊಳೆಯುತ್ತದೆ. ಹುಡುಗಿ ತನ್ನ ಫ್ರಾಕಿನ ಅಂಚನ್ನು ಗೋಡೆಯ ಹತ್ತಿರ ಹಿಡಿದು "ಇದೂ ಅದೇ ನೀಲಿ ಅಲ್ವಾ ದೊಡ್ಡಮ್ಮಾ?" ಅಂದಳು. ಹೌದು, ಅದೇ ನೀಲಿ.

ಆ ದಿನ ಅವರು ಬಸವಕಲ್ಯಾಣಕ್ಕೆ ಹೋಗಲಿಲ್ಲ. ರಾತ್ರಿ ನಮ್ಮ ಮನೆಯಲ್ಲೇ ಉಳಿದರು.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಕಲೆ, ಸಂಸ್ಕೃತಿಗೆ ಅಂತ ಊರಾಚೆ ಹೊಸ ಜಾಗ ಹುಡುಕಿ, ಕೋಟಿಗಟ್ಟಲೆ ಸುರಿದು ಏನಾದರೂ ಕಟ್ಟುವ ಮಾತು ಎಲ್ಲ ಊರುಗಳಲ್ಲೂ ಕೇಳಿಬರುತ್ತದೆ. ನಮಗೆ ಅದರ ಅಗತ್ಯವಿಲ್ಲ. ಚೌಬಾರದಿಂದ ಕೋಟೆಯ ಬಾಗಿಲಿನವರೆಗಿನ ರಸ್ತೆ, ಅದರ ಅಕ್ಕಪಕ್ಕದ ಓಣಿಗಳು ಸೇರಿ ನಮ್ಮೂರಿನ ಕಲೆಯ ಪೇಟೆ ಆಗಲೇ ಇದೆ. ಗೋಪುರ ಇದೆ, ಮದರಸಾ ಇದೆ, ಕೆಲಸ ಮಾಡುವ ಕೈಗಳಿವೆ, ಚಹಾದ ಅಂಗಡಿ, ಮಿರ್ಚಿ ಭಜಿ ಗಾಡಿ ಎಲ್ಲ ಇವೆ. ಅಲ್ಲಿ ಕಾಲ್ನಡಿಗೆಯಲ್ಲಿ ಹೋಗಲು ಜಾಗ ಮಾತ್ರ ಇಲ್ಲ.

ವಾರಕ್ಕೆ ಒಂದೇ ಒಂದು ಬೆಳಿಗ್ಗೆ ಕೊಡಿ. ಭಾನುವಾರ, ಆರರಿಂದ ಹತ್ತು ಗಂಟೆಯವರೆಗೆ. ಆ ನಾಲ್ಕು ತಾಸು ಚೌಬಾರದಿಂದ ಕೋಟೆಯ ತನಕ ಗಾಡಿ ಬೇಡ. ಆ ಹೊತ್ತಿಗೆ ಹೆಚ್ಚಿನ ಅಂಗಡಿಗಳ ಷಟರ್ ಇನ್ನೂ ಎದ್ದಿರುವುದಿಲ್ಲ, ವ್ಯಾಪಾರಕ್ಕೆ ಪೆಟ್ಟು ಬೀಳುವುದಿಲ್ಲ. ಬಿಸಿಲೂ ಏರಿರುವುದಿಲ್ಲ, ನಮ್ಮ ಏಪ್ರಿಲ್-ಮೇ ಬಿಸಿಲು ನಿಮಗೆ ಗೊತ್ತಲ್ಲ. ನಮ್ಮ ಓಣಿಯಲ್ಲಿ ಶುಕ್ರವಾರ ರಜೆ, ಭಾನುವಾರ ಕೆಲಸ ಇರುತ್ತದೆ, ಹಾಗಾಗಿ ಬಂದವರಿಗೆ ಉಳಿ ಹಿಡಿದ ಕೈಗಳೂ ಕಾಣುತ್ತವೆ. ಅಲ್ಲಿ ಮನೆ ಇರುವವರ ಬೈಕು, ಆಂಬುಲೆನ್ಸ್, ಹಾಲಿನ ಗಾಡಿ ಬಿಡಿ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ನಡೆಯಲಾಗದ ವಯಸ್ಸಾದವರಿಗೆ ಎರಡು ಆಟೋ ಇಟ್ಟರೆ ಸಾಕು.

ಶೌಚಾಲಯದ್ದು ಮೇಲೆ ಹೇಳಿದ್ದೇನೆ. ಮದರಸಾದ ಹತ್ತಿರ ಒಂದು, ಚೌಬಾರದ ಹತ್ತಿರ ಒಂದು. ಕಟ್ಟಿ ಬೀಗ ಹಾಕುವುದಾದರೆ ಬೇಡ. ದಿನವೂ ತೊಳೆಯುವವರಿಗೆ ಸರಿಯಾಗಿ ಸಂಬಳ ಕೊಟ್ಟು ನಡೆಸುವುದಾದರೆ ಮಾತ್ರ ಕಟ್ಟಿ.

ಬೋರ್ಡಿನ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ದೊಡ್ಡ ಅಕ್ಷರದಲ್ಲಿ ಮೊದಲು ಕನ್ನಡ ಇರಲಿ, ಕೆಳಗೆ ಇಂಗ್ಲಿಷ್, ಉರ್ದು, ತೆಲುಗು, ಮರಾಠಿ. ಮೂರು ರಾಜ್ಯದ ಗಡಿ ಸೇರುವ ಜಿಲ್ಲೆ ನಮ್ಮದು, ನಮ್ಮ ಸಂತೆಯಲ್ಲಿ ಇಷ್ಟೂ ಭಾಷೆ ಕೇಳುತ್ತದೆ. ಭಾಲ್ಕಿ ಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಅಂಥವರು ಕನ್ನಡ ಉಳಿಸಿಕೊಟ್ಟ ಊರಿನಲ್ಲಿ ನಾವು ಯಾವ ಭಾಷೆಗೂ ಹೆದರಬೇಕಿಲ್ಲ. ಬೋರ್ಡಿನಲ್ಲಿ ಬರೀ ಇಸವಿ ಬರೆದು ಬಿಡಬೇಡಿ. ಬಿದ್ರಿ ಓಣಿಗೆ ಎಷ್ಟು ಹೆಜ್ಜೆ, ಯಾವ ಕಾರ್ಖಾನಾದಲ್ಲಿ ಒಳಗೆ ಬಂದು ನೋಡಬಹುದು, ಕುಡಿಯುವ ನೀರು ಎಲ್ಲಿ ಅಂತ ಬರೆಯಿರಿ. ಹೇಗೆ ಬರೆಯಬೇಕು ಅಂತ ಗೊಂದಲವಿದ್ದರೆ ನಾನು, ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳು ಬರೆದು ಕೊಡುತ್ತೇವೆ, ದುಡ್ಡು ಬೇಡ.

ಇನ್ನೊಂದನ್ನು ಕೈ ಮುಗಿದು ಕೇಳುತ್ತೇನೆ. ಚೆಂದ ಮಾಡುತ್ತೇವೆ ಅಂತ ಹಳೆಯ ಗೋಡೆಗಳಿಗೆ ಬಣ್ಣ ಬಳಿಯಬೇಡಿ. ಚೌಬಾರದ ಸುತ್ತ ಫೋಟೋ ತೆಗೆಸಿಕೊಳ್ಳಲು ಸಿಮೆಂಟಿನ ಅಕ್ಷರ, ಬಣ್ಣದ ಕಾರಂಜಿ ತರಬೇಡಿ. ಕಾರಿಗರರನ್ನು ಅವರ ಕೋಣೆಯಿಂದ ಎಬ್ಬಿಸಿ ಎಲ್ಲೋ ಹೊಸ ಮಳಿಗೆಯ ಸಾಲಿನಲ್ಲಿ ಕೂರಿಸಬೇಡಿ. ಭಟ್ಟಿ, ಮಣ್ಣು, ಮನೆ, ಮಕ್ಕಳು ಎಲ್ಲ ಆ ಓಣಿಯಲ್ಲೇ ಇರುವುದರಿಂದ ಅಪ್ಪನ ಪಕ್ಕ ಕೂತು ಮಗ ಕಲಿಯುತ್ತಾನೆ, ಈಗೀಗ ಹೆಣ್ಣುಮಕ್ಕಳೂ ಕಲಿಯುತ್ತಿದ್ದಾರೆ. ಓಣಿ ತಪ್ಪಿದರೆ ಕಲಿಯುವುದೂ ತಪ್ಪುತ್ತದೆ. ಅವರ ಕೋಣೆಗೆ ಒಳ್ಳೆಯ ಬೆಳಕು, ಹೊಗೆ ಹೋಗಲು ದಾರಿ ಮಾಡಿಕೊಟ್ಟರೆ ಅದು ನಿಜವಾದ ಸಹಾಯ. ಸತು ಕರಗಿಸುವ ಹೊಗೆಯಲ್ಲಿ ಕೂತ ಚಾಚಾ ಮಾತಿನ ನಡುವೆ ಎಷ್ಟು ಸಲ ಕೆಮ್ಮಿದರು ಅಂತ ನಾನು ನೋಡಿದ್ದೇನೆ.

ಇದೆಲ್ಲ ಆಗದ ಮಾತು ಅಂತ ಯಾರಾದರೂ ಹೇಳಿದರೆ ನೌಬಾದಿನ ಸುರಂಗ ಬಾವಿಯನ್ನು ನೆನಪಿಸಿಕೊಳ್ಳಿ. ಬಹಮನಿ ಕಾಲದ ಕರೇಜ್ ಅದು, ನೆಲದ ಕೆಳಗೇ ಕಾಲುವೆ ಕೊರೆದು ಊರಿಗೆ ನೀರು ತಂದ ಕೆಲಸ. ಹೂಳು, ಕಸ ತುಂಬಿ ಜನ ಮರೆತೇ ಬಿಟ್ಟಿದ್ದರು. ಸುಮಾರು ಹತ್ತು ವರ್ಷದ ಹಿಂದೆ ಆಡಳಿತ, ತಿಳಿದವರು, ಊರಿನವರು ಸೇರಿ ಅದರ ಹೂಳು ತೆಗೆದರು. ಒಳಗೆ ನೀರು ಹರಿಯುವುದನ್ನು ನಮ್ಮ ಮಕ್ಕಳು ಕಣ್ಣಾರೆ ನೋಡಿದರು. ಕಾಪಾಡಬೇಕಾದ ಜಗತ್ತಿನ ಪಾರಂಪರಿಕ ಜಾಗಗಳ 2014ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಗೆ ಬೀದರ್ ನಗರದ ಹೆಸರು ಸೇರಿತು. 2014ರಲ್ಲೇ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿ ಕಲಬುರಗಿ, ವಿಜಯಪುರ, ಹೈದರಾಬಾದಿನ ಜೊತೆ ನಮ್ಮ ಸ್ಮಾರಕಗಳೂ ಬಂದವು. ಹೊರಗಿನವರಿಗೆ ನಮ್ಮ ಬೆಲೆ ಗೊತ್ತಿದೆ. ನೆಲದ ಕೆಳಗಿನ ಸುರಂಗವನ್ನೇ ಬಿಡಿಸಿಕೊಂಡ ನಮಗೆ ನೆಲದ ಮೇಲಿನ ಒಂದು ರಸ್ತೆಯನ್ನು ನಾಲ್ಕು ತಾಸು ಬಿಡಿಸಿಕೊಳ್ಳಲು ಆಗುವುದಿಲ್ಲವೇ?

ಆ ಬೆಳಿಗ್ಗೆಗಳಲ್ಲಿ ಹಾಡೂ ಇರಲಿ ಅಂತ ನನ್ನ ಆಸೆ. ಬೀದರ್ ಉತ್ಸವ ಕೋಟೆಯಲ್ಲಿ ನಡೆದಾಗ ದೊಡ್ಡ ವೇದಿಕೆ, ದೊಡ್ಡ ಹೆಸರು. ಅದು ಅದರ ಪಾಡಿಗೆ ನಡೆಯಲಿ. ಚೌಬಾರದ ಕಟ್ಟೆಯ ಮೇಲೆ ಮೈಕೂ ಇಲ್ಲದೆ ನಮ್ಮ ಹಳ್ಳಿಯ ತತ್ವಪದದವರು ಏಕತಾರಿ, ದಮ್ಮಡಿ ಹಿಡಿದು ಕೂತರೆ ಸಾಕು. ಒಂದು ವಾರ ತತ್ವಪದ, ಇನ್ನೊಂದು ವಾರ ಕವ್ವಾಲಿ, ಮತ್ತೊಂದು ವಾರ ಮೊಹರಂ ಪದ. ನಮ್ಮ ಪಕ್ಕದ ಅಷ್ಟೂರಿನ ಜಾತ್ರೆಗೆ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ನಡೆದುಕೊಂಡು ಬರುತ್ತಾರೆ, ಲಿಂಗಾಯತರು, ಮುಸ್ಲಿಮರು ಸೇರಿಯೇ ನಡೆಸುತ್ತಾರೆ. ಅಂಥ ಊರಿನವರಿಗೆ ಹಾಡು ಯಾರದು ಅಂತ ಕೇಳುವ ಅಭ್ಯಾಸ ಇಲ್ಲ.

ಓಣಿಯಲ್ಲಿ ನಾನು ಮಾತಾಡಿದ್ದೇನೆ. ಮೂರು ಕಾರ್ಖಾನಾದವರು ಬಾಗಿಲು ತೆರೆದು ಕೆಲಸ ತೋರಿಸಲು ಒಪ್ಪಿದ್ದಾರೆ. ಚಹಾದ ಅಂಗಡಿಯ ಅಣ್ಣ ಹೊರಗೆ ನಾಲ್ಕು ಬೆಂಚು ಹಾಕುತ್ತೇನೆ ಅಂದಿದ್ದಾರೆ. ನನ್ನ ಕ್ಲಾಸಿನ ಹನ್ನೊಂದು ಮಕ್ಕಳು ದಾರಿ ತೋರಿಸಲು ತಯಾರಿದ್ದಾರೆ, ಚೌಬಾರದ ಮೆಟ್ಟಿಲ ಲೆಕ್ಕದಿಂದ ಗವಾನನ ಸುಳ್ಳು ಪತ್ರದವರೆಗೆ ಎಲ್ಲ ಬಾಯಿಪಾಠ ಮಾಡಿಕೊಂಡಿದ್ದಾರೆ. ಆ ಭಾಭಿ ಮಾತ್ರ "ಚಹಾ ನಮ್ಮನ್ಯಾಗ ಮಾಡ್ತೀನಿ, ಟೀಚರ್" ಅಂತ ಒಂದೇ ಹಟ.

ನಿಮ್ಮಿಂದ ಬೇಕಾಗಿರುವುದು ಒಂದು ಆದೇಶ, ರಸ್ತೆಯ ಎರಡು ತುದಿಗೆ ಎರಡು ಬ್ಯಾರಿಕೇಡ್, ನಾಲ್ಕು ಮಂದಿ ಸಿಬ್ಬಂದಿ. ಮೊದಲು ಒಂದು ತಿಂಗಳು, ನಾಲ್ಕು ಭಾನುವಾರ ಮಾಡಿ ನೋಡಿ. ಮೊದಲನೆಯ ವಾರ ನೀವೂ ಮನೆಯವರನ್ನು, ಮಕ್ಕಳನ್ನು ಕರೆದುಕೊಂಡು ಬನ್ನಿ. ಬೆಳಿಗ್ಗೆ ಆರೂವರೆಗೆ ನಾನು ಚೌಬಾರದ ಕೆಳಗೆ ನಿಂತಿರುತ್ತೇನೆ.

ಇಂತಿ,
ಹಳೇ ಊರಿನ ಒಬ್ಬ ಟೀಚರ್
ಬೀದರ್